ಮೊರದ ಹಿಂದೆ ಬಿದ್ದ ಆರು ಕವಡೆ

ಆರು ಬಿದ್ದಿತ್ತು. ನಾನು ಎರಡು ಎಂದೆ.

ಕೇಳಿದವರಿಗೆ ಇದು ನಗೆಯ ಮಾತು ಅನಿಸಬಹುದು — ಎಂಟು ಕವಡೆ, ಒಂದು ಮೊರ, ಭಾನುವಾರದ ಮಧ್ಯಾಹ್ನ ಆಡುವ ಒಂದು ಆಟ, ಅದರಲ್ಲೊಂದು ಸುಳ್ಳು. ಜನ ಇದಕ್ಕಿಂತ ದೊಡ್ಡ ದೊಡ್ಡದನ್ನು ಮಾಡಿ ಗೊರಕೆ ಹೊಡೆಯುತ್ತ ಮಲಗುತ್ತಾರೆ, ಅದು ನನಗೂ ಗೊತ್ತು. ಆದರೆ ಆ ಒಂದು ಮಾತಿನಿಂದ ಇಲಿಯಾಸ್ ಎಂಬ ನನ್ನ ಗೆಳೆಯ ತನ್ನ ಬುದ್ಧಿಯನ್ನೇ ನಂಬದವನಾದ. ತಪ್ಪು ಅವನದಾಗಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಹೆಸರು ಸುಬ್ರಾಯ. ಊರು ಬಿಳಗಿ, ಕಾಲೇಜಿಗೆಂದು ಶಿರಸಿಗೆ ಬಂದು ರೂಮು ಹಿಡಿದವನು ಇನ್ನೂ ಅದೇ ಪೇಟೆಯಲ್ಲಿದ್ದೇನೆ, ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಇದು ತೊಂಬತ್ತರ ದಶಕದ ನಡುವಿನ ಮಾತು. ಶಿರಸಿಯಲ್ಲೇ ಇದ್ದ ದೊಡ್ಡಮ್ಮನ ಮಗ ವಿನಾಯಕಣ್ಣ ಇಂಟರ್ವ್ಯೂಗೆಂದು ಪುಣೆಗೆ ಹೋದವನು ಕೆಲಸದ ಬದಲು ಒಂದು ಇಂಗ್ಲಿಷ್ ಆಟದ ಪುಸ್ತಕದ ಜೆರಾಕ್ಸ್ ಪ್ರತಿ ಹಿಡಿದುಕೊಂಡು ಬಂದ. ಅರ್ಧ ಪುಟಗಳು ಮಸುಕು, ಕೊನೆಯ ಪುಟಗಳೇ ಇಲ್ಲ. ಆ ಆಟಕ್ಕೆ ಹಾಸಿಲ್ಲ, ಕಾಯಿಲ್ಲ. ಒಬ್ಬ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು — ಒಬ್ಬ ಮಂತ್ರವಾದಿ, ಒಬ್ಬ ಕತ್ತಿವೀರ, ಹೀಗೆ. ಪಾತ್ರ ಏನು ಮಾಡುತ್ತದೆಂದು ಆಡುವವನು ಹೇಳುತ್ತಾನೆ, ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ವಿನಾಯಕಣ್ಣನ ತಂಗಿ ಶೈಲಾ ಎರಡು ಪುಟ ಓದಿ ಚಪ್ಪಾಳೆ ತಟ್ಟಿದಳು. "ಅಯ್ಯೋ, ಇದು ತಾಳಮದ್ದಳೆಯೇ ಅಲ್ದಾ! ವೇಷ ಇಲ್ಲೆ, ಕುಣಿತ ಇಲ್ಲೆ, ಕೂತ್ಕಂಡೇ ಯುದ್ಧ!"

ನಮ್ಮ ತಪ್ಪು ಅಲ್ಲಿಂದಲೇ ಸುರುವಾಯಿತು. ನಾವು ಅದನ್ನು ನಿಜಕ್ಕೂ ತಾಳಮದ್ದಳೆ ಮಾಡಿಕೊಂಡೆವು.

ಕಥೆ ನಡೆಸುವವನಿಗೆ, ತಾಳಮದ್ದಳೆಯಲ್ಲಿ ಪದ ಹಾಡಿ ಪ್ರಸಂಗ ನಡೆಸುವವರ ಹಾಗೆ, ಭಾಗವತ ಎಂದು ಹೆಸರಿಟ್ಟೆವು, ಭಾಗವತ ನಾನು. ಇಪ್ಪತ್ತು ಮುಖದ ದಾಳ ಶಿರಸಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಅದಕ್ಕೆ ಎಂಟು ಕವಡೆ. ಬಾಯಿ ಮೇಲಾಗಿ ಬಿದ್ದದ್ದು ಲೆಕ್ಕಕ್ಕೆ, ಬೋರಲಾಗಿ ಬಿದ್ದದ್ದು ಇಲ್ಲ. ಕಥೆಯ ನಕ್ಷೆಗೆ ನಮ್ಮದೇ ಊರುಗಳು — ಬಿಳಗಿ ಹಾಳುಬಿದ್ದ ರಾಜಧಾನಿ, ನಿಲ್ಕುಂದದ ಕಾಡು ಮಾಯಾವಿಯ ಸೀಮೆ, ಯಲ್ಲಾಪುರ ಗಡಿಯ ಠಾಣೆ. ವಿನಾಯಕಣ್ಣ ಮಂತ್ರವಾದಿ ಅಗ್ನಿಶರ್ಮ. ಶೈಲಾ ಮದ್ದಿನ ಗಂಗೆ. ಕತ್ತಿವೀರ ಭೈರ ಇಲಿಯಾಸ್.

ಇಲಿಯಾಸ್ ಯಲ್ಲಾಪುರದವನು, ಲಾರಿ ಮನೆತನ. ಶಿರಸಿಯಲ್ಲಿ ಮಾಮನ ಮನೆಯಲ್ಲಿದ್ದು ನನ್ನ ಜೊತೆ ಬಿ.ಕಾಂ. ಓದುತ್ತಿದ್ದ. ಮಾಮನ ಟ್ರಾನ್ಸ್‌ಪೋರ್ಟ್ ಆಫೀಸು ಭಾನುವಾರ ರಜೆ; ಅದರ ಕೀಲಿ ಇವನ ಕೈಗೆ ಬರುತ್ತಿತ್ತು. ಗೋಣಿಚೀಲ ಮತ್ತು ಡೀಸೆಲ್ ವಾಸನೆಯ ಆ ಕೋಣೆಯೇ ನಮ್ಮ ರಂಗಸ್ಥಳ. ಇಲಿಯಾಸ್ ಎತ್ತರದ ಆಳು, ದೊಡ್ಡ ಗಂಟಲು, ಸಣ್ಣ ಮಾತಿಗೂ ಮೇಜು ಗುದ್ದಿ ನಗುವವನು. ಮೊದಲ ದಿನವೇ, ಕಥೆ ನಡೆಸುವವನು ಕೆಲವು ಸಲ ದಾಳವನ್ನು ಮರೆಯಲ್ಲಿ ಹಾಕಬೇಕೆಂದು ಪುಸ್ತಕ ಹೇಳಿದಾಗ, ಅಡ್ಡಕ್ಕೆ ಏನಿಡುವುದೆಂದು ನಾವು ಹುಡುಕುತ್ತಿದ್ದೆವು. ಅವನು ಹಿಂದಿನ ಗೋಡೆಯ ಮೊಳೆಗೆ ನೇತು ಹಾಕಿದ್ದ ಮೊರ ತಂದು ನನ್ನ ಮುಂದೆ ನಿಲ್ಲಿಸಿದ. "ತಗೊಳ್ಳಿ ಭಾಗವತ್ರೇ, ನಿಮ್ಮ ಕೋಟೆ ಗೋಡೆ." ಆ ಮೊರವನ್ನು ನನಗೆ ಕೊಟ್ಟವನೇ ಅವನು — ಇದನ್ನು ನಾನು ಎಷ್ಟು ಸಲ ನೆನೆದಿದ್ದೇನೋ.

ಮೊರದ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಊರಿನ ತಾಳಮದ್ದಳೆಯಲ್ಲಿ ನನ್ನನ್ನು ಒಂದು ಚಿಕ್ಕ ಪಾತ್ರಕ್ಕೆ ಕೂರಿಸಿದ್ದರು. ಪದ ಮುಗಿಯಿತು, ನನ್ನ ಮಾತು ಬರಬೇಕು — ಬರಲಿಲ್ಲ. ಭಾಗವತರು ಅದೇ ಪದವನ್ನು ಇನ್ನೊಮ್ಮೆ ಹಾಡಿದರು. ಆಗಲೂ ಬರಲಿಲ್ಲ. ಎದುರು ಕೂತವರ ಮುಖಗಳನ್ನೇ ನೋಡುತ್ತಿದ್ದೆ. ಕೊನೆಗೆ ಎದುರಿನ ಪಾತ್ರದ ಅರ್ಥಧಾರಿಯೇ ನನ್ನ ಮಾತನ್ನೂ ತಾನೇ ಆಡಿ ಮುಂದೆ ಹೋದರು. ಆಮೇಲೆ ನಾಲ್ಕು ಜನ ಸೇರಿದಲ್ಲಿ ನಾನು ಬಾಯಿ ಬಿಟ್ಟವನಲ್ಲ. ಆದರೆ ಮೊರದ ಹಿಂದೆ ಕೂತಾಗ — ಮುಖ ಕಾಣದಿದ್ದಾಗ — ನನಗೆ ಮಾತು ಹೊಳೆಯಾಗಿ ಬಂತು. ರಾಕ್ಷಸ ನಾನೇ, ರಾಜ ನಾನೇ, ಗಾಳಿ ನಾನೇ. ವಾರದ ಆರು ದಿನ ನಾನು ಯಾರಿಗೂ ಬೇಡದ ಸುಬ್ರಾಯ. ಏಳನೆಯ ದಿನ ಮೂವರು ನನ್ನ ಮಾತಿಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಈ ಸುಖ ನನ್ನ ತಲೆಗೇರಿತು.

ಈಗ ಆಟದ ತೊಡಕಿಗೆ ಬರುತ್ತೇನೆ. ಸುರುವಿನಲ್ಲಿ ಮಂತ್ರವಾದಿ ಬಡಪಾಯಿ. ಒಂದು ಕಿಡಿ ಹಾರಿಸಿದರೆ ಅವತ್ತಿನ ಮಂತ್ರ ಮುಗಿಯಿತು. ಆಮೇಲೆ ಭೈರನ ಬೆನ್ನ ಹಿಂದೆ ಅಡಗಬೇಕು. ಎಷ್ಟೋ ಭಾನುವಾರ ಭೈರ ಅಗ್ನಿಶರ್ಮನನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೊಳೆ ದಾಟಿಸಿದ್ದ. ಆದರೆ ಆಟ ಬೆಳೆದ ಹಾಗೆ ಕತ್ತಿವೀರ ಮೆಟ್ಟಿಲು ಹತ್ತಿದರೆ ಮಂತ್ರವಾದಿ ಹಾರಿಹೋಗುತ್ತಾನೆ. ಬೀಗ ಮಂತ್ರದಿಂದ ತೆರೆಯಿತು, ಹೊಳೆ ಮಂತ್ರದಿಂದ ಇಬ್ಭಾಗವಾಯಿತು, ಸೈನ್ಯ ಮಂತ್ರದಿಂದ ಸುಟ್ಟಿತು. ಇಂಗ್ಲಿಷ್ ಪುಸ್ತಕದಲ್ಲೇ ಈ ಏರುಪೇರು ಇತ್ತು. ನಾವು ಅದರ ಮೇಲೆ ಇನ್ನೊಂದನ್ನು ಹೇರಿದೆವು: ಮಂತ್ರ ಹಾಕುವವನು ಅರ್ಥವನ್ನು, ಅಂದರೆ ತಾಳಮದ್ದಳೆಯ ಹಾಗೆ ಪಾತ್ರದ ಮಾತನ್ನು, ಚೆನ್ನಾಗಿ ಹೇಳಿದರೆ, ಬೋರಲು ಬಿದ್ದ ಒಂದು ಕವಡೆಯನ್ನು ಮಗುಚಿ ಬಾಯಿ ಮೇಲೆ ಮಾಡಿಕೊಳ್ಳಬಹುದು. ಮಂತ್ರವೆಂದರೆ ಮಾತು ತಾನೆ, ಮಾತಿಗೆ ಬೆಲೆ ಬೇಕಲ್ಲ! ಕತ್ತಿಗೆ ಮಾತೇಕೆ? ಹೀಗೆಂದು ತೀರ್ಮಾನಿಸಿದ ನಾವು ಮೂವರೂ ತಾಳಮದ್ದಳೆ ಕೇಳುತ್ತ ತೂಕಡಿಸಿ ಬೆಳೆದವರು. ನಾಲ್ಕನೆಯವನನ್ನು ಯಾರೂ ಕೇಳಲಿಲ್ಲ.

ಒಮ್ಮೆ ಇಲಿಯಾಸನೂ ಅರ್ಥ ಹೇಳಲು ಹೋದ. ಎದೆಯುಬ್ಬಿಸಿ ನಿಂತು, "ಎಲೈ ರಾಕ್ಷಸನೇ, ಇವತ್ತು ನಿನ್ನ ಬಾಡಿ ಲೋಡ್ ಮಾಡಿ ಊರಿಗೆ ಕಳಿಸದಿದ್ರೆ —" ಅಂದ. ನಾವು ಬಿದ್ದು ಬಿದ್ದು ನಕ್ಕೆವು. ಅವನೂ ಮೇಜು ಗುದ್ದಿ ನಕ್ಕ. ಆದರೆ ಆಮೇಲೆ ಅವನ ಸರದಿ ಬಂದಾಗಲೆಲ್ಲ ಒಂದೇ ಮಾತು — "ಹೊಡೀತೀನಿ." ವಿನಾಯಕಣ್ಣ ಸಂಸ್ಕೃತ ಬೆರೆಸಿ ಒಂದು ಚಹಾ ತಣ್ಣಗಾಗುವಷ್ಟು ಹೊತ್ತು ಅಗ್ನಿಯನ್ನು ಕರೆಯುತ್ತಿದ್ದ, ಇಲಿಯಾಸ್ "ಹೊಡೀತೀನಿ" ಎಂದು ಕಿಟಕಿಯಾಚೆ ನೋಡುತ್ತಿದ್ದ. ಅದನ್ನು ನಾನು ನೋಡಿದೆ. ಭಾಗವತನಾದವನು ನೋಡಲೇಬೇಕಿತ್ತು, ನೋಡಿಯೂ ನೋಡದ ಹಾಗೆ ಕಥೆ ಮುಂದುವರಿಸಿದೆ.

ಒಂದು ಭಾನುವಾರ ಅವನೇ ಬಾಯಿ ಬಿಟ್ಟ. "ಏ ಸುಬ್ಬು, ನಮ್ಮ ಭೈರ ಹಮಾಲಿ ಆಗ್ಬಿಟ್ಟ ನೋಡು. ಮಂತ್ರವಾದಿ ಸಾಹೇಬ್ರ ಗಂಟು ಹೊರೋದು, ಅಷ್ಟೇ ಕೆಲಸ."

ನಾನು ಉದಾರಿಯಾಗಿ ಭೈರನಿಗೆ ಒಂದು ದೊಡ್ಡ ಕತ್ತಿ ಕೊಟ್ಟೆ, ಮೈಬಲ ಹೆಚ್ಚಿಸಿದೆ. ಅವನು ಹೇಳಿದ: "ಹಮಾಲಿಗೆ ದೊಡ್ಡ ಚೀಲ ಕೊಟ್ರೆ ಅವ ಮಾಲೀಕ ಆಗ್ತಾನೇನೋ?"

ಆ ಮಾತು ನನಗೆ ನಾಟಿತು. ಸರಿ ಇದೆ ಎಂದೇ ನಾಟಿತು — ಅದಕ್ಕೇ ಸಿಟ್ಟು ಬಂತು.

ಅವನು ಸುಮ್ಮನೆ ಕೂರುವ ಪೈಕಿಯವನಲ್ಲ. ಕಾಲೇಜಿನ ಬೆಂಚಿನ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲೆಂದರಲ್ಲಿ ಕವಡೆ ಹಾಕಿ ನೋಡುತ್ತ, ತಲೆ ಕೆರೆದುಕೊಳ್ಳುತ್ತ ಒಂದು ಹೊಸ ಕಟ್ಟಳೆ ಮಾಡಿದ. ಈಗ ಅದನ್ನು ನೆನೆದರೆ ಎಷ್ಟು ಚೊಕ್ಕವಾಗಿತ್ತು ಅನಿಸುತ್ತದೆ. ಮಂತ್ರಕ್ಕೆ ಹೊತ್ತು ಬೇಕು: ಈ ಸುತ್ತಿನಲ್ಲಿ ಸುರುವಾದರೆ ಮುಂದಿನ ಸುತ್ತಿನಲ್ಲಿ ಮುಗಿಯಬೇಕು, ನಡುವೆ ಯಾರಾದರೂ ಮೈಮೇಲೆ ಬಿದ್ದರೆ ಮಂತ್ರ ಕೆಟ್ಟಿತು. ಹಾಗಾಗಿ ಮಂತ್ರವಾದಿಗೆ ಕಾವಲು ಬೇಕು. ಕತ್ತಿವೀರನ ಎದುರು ನಿಂತ ವೈರಿ ಅವನನ್ನು ದಾಟಿ ಹೋಗುವಂತಿಲ್ಲ, ಮೊದಲು ಅವನನ್ನು ಕೆಡವಬೇಕು. ಇನ್ನು ಕವಡೆ ಮಗುಚುವ ಹಕ್ಕು ಸೊಗಸಾದ ಮಾತಿಗಲ್ಲ — ನಿಂತ ಜಾಗವನ್ನು ನೋಡಿ ಉಪಾಯ ಮಾಡಿದವನಿಗೆ, ಅವನು ಯಾರೇ ಇರಲಿ. ಹಗ್ಗ ಕೊಯ್ಯಲಿ, ಬಾಗಿಲಿಗೆ ಮರ ಅಡ್ಡ ಹಾಕಲಿ, ಹೇಗಾದರೂ ಹೇಳಲಿ, ಯಾವ ಕನ್ನಡದಲ್ಲಾದರೂ ಹೇಳಲಿ. ಮಂತ್ರ ಮತ್ತು ಕತ್ತಿ ಎರಡನ್ನೂ ಅವನು ಒಂದರ ಮೇಲೊಂದು ಒರಗಿಸಿ ನಿಲ್ಲಿಸಿದ್ದ. ಒಂದನ್ನು ಸಣ್ಣದು ಮಾಡದೆ ಇನ್ನೊಂದನ್ನು ದೊಡ್ಡದು ಮಾಡುವ ದಾರಿ ನನಗೆ ಹೊಳೆದಿರಲಿಲ್ಲ, ಅವನಿಗೆ ಹೊಳೆದಿತ್ತು.

ಕೊನೆಯದಾಗಿ ಇನ್ನೊಂದು ಸೇರಿಸಿದ. "ಜೀವ ಹೋಗೋ ಕವಡೆ ಎಲ್ಲರ ಎದುರಿಗೆ ಹಾಕ್ಬೇಕು. ಮೊರ ತೆಗೀಬೇಕು ಭಾಗವತ್ರೇ."

ವಿನಾಯಕಣ್ಣ ಗೊಣಗಿದ: "ಮಳ್ಳು ಹಿಡಿದ್ದಾ ನಿಂಗೆ? ಮಂತ್ರ ಹೇಳಿ ಮುಗಿಸೂದ್ರೊಳಗೆ ಯುದ್ಧನೇ ಮುಗೀತು." ಶೈಲಾ ಮಾತ್ರ, "ಇಲ್ಲೆ ಅಣ್ಣಾ, ಅವ ಹೇಳದು ಸಮಾ ಇದ್ದು" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ಒಂದು ಭಾನುವಾರ ಪರೀಕ್ಷೆಗೆ ಆಡಿ ನೋಡೋಣ ಎಂದೆ. ಹೊಸ ಕಟ್ಟಳೆಯಲ್ಲಿ ಭೈರ ಬಾಗಿಲು ಕಾದು ಉಳಿದರೆ ಕಟ್ಟಳೆ ಉಳಿಯಿತು, ಮುಂದಿನ ವಾರದಿಂದ ಮೊರವೂ ಗೋಡೆಗೆ. ಇಲಿಯಾಸ್ ಕೈ ಚಾಚಿದ, ನಾನು ಕೈ ಕೊಟ್ಟೆ. ಮೊರ ಹೋದರೆ ನನ್ನ ಮಾತೂ ಹೋದೀತೆಂಬುದು ಆಗಲೇ ಮನಸ್ಸಿನಲ್ಲಿತ್ತು.

ಆ ಭಾನುವಾರ ಕಥೆ ಬಿಳಗಿಯ ಹಾಳು ಕೋಟೆಗೆ ಬಂದಿತ್ತು. ಒಳಗೆ ಅಗ್ನಿಶರ್ಮ ಮಂತ್ರ ಸುರು ಮಾಡಿದ್ದಾನೆ, ಮುಗಿಯಲು ಒಂದು ಸುತ್ತು ಬೇಕು. ಬಾಗಿಲಲ್ಲಿ ಭೈರ. ಹೊರಗೆ ಮಾಯಾವಿ, ಕೈಯಲ್ಲಿ ಬೆಂಕಿ. ಎಷ್ಟೋ ತಿಂಗಳ ಮೇಲೆ ಇಲಿಯಾಸ್ "ಹೊಡೀತೀನಿ" ಎನ್ನಲಿಲ್ಲ. ಕುರ್ಚಿಯ ತುದಿಗೆ ಬಂದು, ಎರಡೂ ಕೈ ಆಡಿಸುತ್ತ ಹೇಳಿದ — "ಬಾಗಿಲು ಮುರದದೆ ಅಂದ್ಯಲ್ಲ? ಆ ಹಲಗೆ ಎತ್ತಿ ಮುಂದೆ ಹಿಡೀತೀನಿ. ಒದ್ದೆ ಹಲಗೆ, ಕಂದಕದಾಗೆ ಬಿದ್ದಿತ್ತು, ಲಗೂನೆ ಹೊತ್ತಂಗಿಲ್ಲ. ಹಿಂದೆ ಸರಿಯಂಗಿಲ್ಲ ನಾನು. ಹಾಕು ಕವಡೆ." ಮುಖ ಕೆಂಪಾಗಿತ್ತು. ಶೈಲಾ ಅವನ ತೋಳು ಹಿಡಿದುಕೊಂಡಿದ್ದಳು. ವಿನಾಯಕಣ್ಣ ಕೂಡ ಬಾಯಿ ತೆರೆದು ನೋಡುತ್ತಿದ್ದ. ಅಷ್ಟು ಜೀವ ತುಂಬಿದ ಸರದಿ ನಮ್ಮ ಆಟದಲ್ಲಿ ಅದುವರೆಗೆ ಬಂದಿರಲಿಲ್ಲ. ಮತ್ತು ಆ ಕೋಣೆಯಲ್ಲಿ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

ಐದು ಬಿದ್ದರೆ ಭೈರ ಉಳಿಯುತ್ತಾನೆ. ನಾನು ಮೊರದ ಹಿಂದೆ ಕವಡೆ ಹಾಕಿದೆ. ಸದ್ದು ಎಲ್ಲರಿಗೂ ಕೇಳಿತು, ಬಿದ್ದದ್ದು ನನಗೆ ಮಾತ್ರ ಕಂಡಿತು. ಆರು ಬಾಯಿಗಳು ಮೇಲೆ ನೋಡುತ್ತಿದ್ದವು. ಮಗುಚುವ ಅಗತ್ಯವೂ ಇರಲಿಲ್ಲ.

"ಎರಡು" ಎಂದೆ, ಮತ್ತು ಕೈಯಿಂದ ಬಾಚಿಕೊಂಡೆ.

ಇಲ್ಲಿ ನಿಲ್ಲುತ್ತೇನೆ, ಏಕೆಂದರೆ ಇಲ್ಲಿಯೇ ಜಾರಿಕೊಳ್ಳುವ ಆಸೆ ಹುಟ್ಟುತ್ತದೆ. ಬಾಯಿತಪ್ಪಿ ಬಂತು, ಕ್ಷಣದ ಮೋಹ, ಹುಡುಗಾಟದ ವಯಸ್ಸು — ಅಲ್ಲ. ನಾಲ್ಕು ಎಂದಿದ್ದರೆ ಅವನು ಉಪಾಯದ ಲೆಕ್ಕದಲ್ಲಿ ಒಂದನ್ನು ಮಗುಚಿ ಐದು ಮಾಡಿಕೊಳ್ಳುತ್ತಿದ್ದ. ಅದನ್ನೂ ಯೋಚಿಸಿ, ಅವನ ಕಟ್ಟಳೆ ಅವನನ್ನು ಉಳಿಸದ ಹಾಗೆ ನೋಡಿಕೊಂಡು, ಎರಡು ಎಂದೆ. ಯೋಚಿಸಲು ಬೇಕಾದಷ್ಟು ಹೊತ್ತು ನನಗಿತ್ತು.

ಅವನು ಮೊರದ ಮೇಲಿಂದ ನನ್ನ ಮುಖ ನೋಡಿದ. "ಖರೇ ಹೇಳು ಸುಬ್ಬು. ಎಷ್ಟು ಬಿತ್ತು?"

"ಎರಡು ಅಂದ್ನಲ್ಲೋ."

ಒಪ್ಪಿಕೊಂಡ. ತಕರಾರು ಮಾಡಲಿಲ್ಲ. ಭಾಗವತ ಹೇಳಿದ್ದೇ ಕಥೆ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಮಾತು. ಅದನ್ನು ಅವನಿಗೆ ಕಲಿಸಿದವರು ನಾವೇ. ಆಮೇಲೆ ನಾನು ಭೈರನ ಸಾವನ್ನು ವರ್ಣಿಸಿದೆ. ಹೇಳಲು ನಾಚಿಕೆಯಾಗುತ್ತದೆ — ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದೇ ಇಲ್ಲ. ಹಲಗೆ ಹೊತ್ತಿಕೊಂಡದ್ದು, ಭೈರ ಮೊಣಕಾಲೂರಿದ್ದು, ಬೀಳುವಾಗಲೂ ಬಾಗಿಲಿಗೆ ಅಡ್ಡವಾಗಿಯೇ ಬಿದ್ದದ್ದು... ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಮಾತು ಬೇಕಾದಾಗ ಬಾರದೆ ನನ್ನನ್ನು ಊರೆದುರು ನಗೆಗೀಡು ಮಾಡಿತ್ತೋ, ಅದೇ ಮಾತು ಅಂದು ಒಂದು ಸುಳ್ಳಿಗೆ ಹೆಗಲು ಕೊಟ್ಟು ನಿಂತಿತು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ನಾಲ್ವರ ಆ ಭಾನುವಾರದ ಮನೆಯನ್ನು ನಾನು ಮಾತಿನಿಂದಲೇ ಕೆಡವಿದೆ.

ಇಲಿಯಾಸ್ ನಕ್ಕ. "ಚಲೋ ಸತ್ತ, ಬಿಡು. ನನ್ನ ಕಟ್ಟಳೆಯಾಗೆ ಎಲ್ಲೋ ತಪ್ಪದೆ ಅಂದಂಗಾಯ್ತು." ಎದ್ದು ಕಿಟಕಿ ಹಾಕಿದ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ನಾನು, ಮೇಕೆ ತಾನೇ ಬಾಯಿ ಒರೆಸಿಕೊಂಡು ತಪ್ಪೊಪ್ಪಿಕೊಂಡಿತು.

ಮುಂದಿನ ಭಾನುವಾರ ಆಫೀಸಿನ ಬಾಗಿಲು ತೆರೆದಿತ್ತು, ಅವನಿರಲಿಲ್ಲ. ಮಾಮನ ಹತ್ತಿರ ಹೇಳಿ ತೆರೆಸಿ, ತಾನು ಬರಲಿಲ್ಲ. ಕಾಲೇಜಿನಲ್ಲಿ ಸಿಕ್ಕಾಗ ನಗುತ್ತಿದ್ದ, ಹೆಗಲ ಮೇಲೆ ಕೈ ಹಾಕುತ್ತಿದ್ದ. ಆಟದ ಮಾತು ಬಂದರೆ "ನಂಗೆ ಅದು ಹತ್ತಂಗಿಲ್ಲೋ" ಎಂದು ಬೇರೆ ಮಾತು ತೆಗೆಯುತ್ತಿದ್ದ. ನಾವು ಮೂವರೂ ಕೆಲವು ವಾರ ನನ್ನ ರೂಮಿನಲ್ಲಿ ಆಡಿದೆವು. ಅಗ್ನಿಶರ್ಮ ಎಲ್ಲವನ್ನೂ ಮಾಡಬಲ್ಲವನಾಗಿದ್ದ, ಹಾಗಾಗಿ ಉಳಿದವರಿಗೆ ಮಾಡಲು ಏನೂ ಇರಲಿಲ್ಲ. ಕಾಯುವವರಿಲ್ಲದ ಮಂತ್ರವಾದಿ, ಯಾವ ಬಾಗಿಲೂ ಭಯ ಹುಟ್ಟಿಸದ ಕಥೆ. ವಿನಾಯಕಣ್ಣನೇ ಒಂದು ದಿನ ಆಕಳಿಸಿ, "ಬೇಜಾರು ಬಂತು ಮಾರಾಯಾ, ಆನು ಹೋಗ್ತೆ" ಎಂದ. ಆಟ ಅಷ್ಟಕ್ಕೇ ನಿಂತಿತು.

ಇಷ್ಟೇ ಆಗಿದ್ದರೂ — ಇಷ್ಟೇ ಅಲ್ಲ. ಆಟ ಮುಗಿದ ಮೇಲೆ ನಾವು ನಾಲ್ವರೂ ದೊಡ್ಡಮ್ಮನ ಮನೆಗೆ ಚಹಾಕ್ಕೆ ಹೋಗುತ್ತಿದ್ದೆವು; ಅವಳು ಒಮ್ಮೆ ಕೇಳಿದಳು, "ಆ ಯಲ್ಲಾಪುರದ ಮಾಣಿ ಈಗ ಬತ್ನಿಲ್ಯಲಾ, ಎಂತಕ್ಕೆ?" ಅಲ್ಲೇ ಕೂತಿದ್ದ ನೆಂಟರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ, "ಕಾಲ ಹಾಂಗಿದ್ದು. ಅವು ಅವ್ರ ಬದಿಗೆ, ನಾವು ನಮ್ಮ ಬದಿಗೆ" ಎಂದರು. ಆ ವರ್ಷಗಳಲ್ಲಿ ಹಾಗೆ ಹೇಳುವುದು ಸಲೀಸಾಗಿತ್ತು, ಕೇಳಿದವರು ತಲೆಯಾಡಿಸುವುದೂ ಸಲೀಸಾಗಿತ್ತು. ಇಲ್ಲ, ಅವನು ಬರದಿರುವುದು ನನ್ನಿಂದ ಎನ್ನಬೇಕಿತ್ತು. ನಾನೂ ತಲೆಯಾಡಿಸಿದೆ. ಆಡದ ಆ ಮಾತು ನನ್ನ ಸುಳ್ಳಿಗಿಂತ ಕೊಳಕಾದದ್ದು ಎಂದು ಈಗ ಅನಿಸುತ್ತದೆ, ಆಗ ಒಳಗೊಳಗೇ ಹಗುರವಾಗಿತ್ತು.

ಆಮೇಲೆ ಎಲ್ಲರೂ ಚದುರಿದರು. ಇಲಿಯಾಸ್ ಯಲ್ಲಾಪುರಕ್ಕೆ ಹೋಗಿ ಲಾರಿ ವ್ಯವಹಾರ ಹಿಡಿದ. ಶೈಲಾ ಮದುವೆಯಾಗಿ ಹುಬ್ಬಳ್ಳಿಗೆ, ವಿನಾಯಕಣ್ಣ ಕೊನೆಗೂ ಪುಣೆಗೆ. ನಾನು ಉಳಿದೆ, ನನ್ನ ಜೊತೆ ಆ ಎಂಟು ಕವಡೆ ಮತ್ತು ಮೊರ. ಮೊರವನ್ನು ನಾನು ಕೇಳಿ ತಂದದ್ದಲ್ಲ, ನನ್ನ ಸಾಮಾನಿನ ಜೊತೆ ಬಂದುಬಿಟ್ಟಿತ್ತು.

ಭಾನುವಾರಗಳನ್ನು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ಮದುವೆ ಕೂಡಿ ಬರಲಿಲ್ಲ, ನಾನೂ ಓಡಾಡಲಿಲ್ಲ. ಊಟ ಮುಗಿಸಿ, ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ಒಬ್ಬನೇ ನಾಲ್ವರ ಆಟ ಆಡತೊಡಗಿದೆ. ಅಗ್ನಿಶರ್ಮನಿಗೆ ವಿನಾಯಕಣ್ಣನ ಗಂಟಲು, ಗಂಗೆಗೆ ಶೈಲಾಳ ನಗು, ಭೈರನಿಗೆ ಇಲಿಯಾಸನ ದೊಡ್ಡ ದನಿ. ಪಕ್ಕದ ಮನೆಯ ಅಮ್ಮ ಮರುದಿನ, "ನಿನ್ನೆ ಯಾರು ಬಂದಿದ್ರು ಸುಬ್ರಾಯ? ಮಾತು ಕೇಳ್ತಿತ್ತು" ಎನ್ನುತ್ತಿದ್ದರು. ರೇಡಿಯೋ ಎನ್ನುತ್ತಿದ್ದೆ. ಅದೂ ಒಂದು ಸುಳ್ಳು, ಆದರೆ ಅದರಿಂದ ಕೆಟ್ಟವರು ಯಾರೂ ಇಲ್ಲ.

ಆ ಒಂಟಿ ಆಟದಲ್ಲಿ ನಾನು ಅವನ ಕಟ್ಟಳೆಯನ್ನೇ ಹಾಕಿ ನೋಡಿದೆ. ಮೊದಮೊದಲು ಅದರಲ್ಲಿ ಏನಾದರೊಂದು ಕುಂದು ಸಿಗಲಿ ಎಂಬ ಆಸೆಯಿಂದಲೇ ನೋಡಿದೆ, ಸಿಕ್ಕರೆ ನನ್ನ ಸುಳ್ಳು ಅರ್ಧ ನಿಜವಾಗುತ್ತದಲ್ಲ! ಬಾಗಿಲು ಬದಲಿಸಿದೆ, ವೈರಿ ಬದಲಿಸಿದೆ, ಕವಡೆಯ ಗುರಿಯನ್ನು ಏರಿಸಿದೆ, ಇಳಿಸಿದೆ. ಭೈರ ಕೆಲವೊಮ್ಮೆ ಸತ್ತ, ಬಹಳ ಸಲ ಉಳಿದ. ಅಗ್ನಿಶರ್ಮ ಗೆದ್ದಾಗಲೆಲ್ಲ ಭೈರ ಕಾದ ಒಂದು ಸುತ್ತಿನಿಂದ ಗೆದ್ದ. ಇಬ್ಬರಲ್ಲಿ ಒಬ್ಬನೂ ಇನ್ನೊಬ್ಬನ ಗಂಟು ಹೊರಲಿಲ್ಲ. ಕಟ್ಟಳೆ ಸರಿ ಇತ್ತು. ಆದರೆ ಏನು ಪ್ರಯೋಜನ — ನಾನು ಆಡಿಸುವ ಇಲಿಯಾಸ್ ನನಗೆ ಗೊತ್ತಿಲ್ಲದ್ದನ್ನು ಎಂದೂ ಹೇಳಲಿಲ್ಲ. ಒದ್ದೆ ಹಲಗೆಯಂಥ ಒಂದು ಉಪಾಯ ನನ್ನ ತಲೆಯಿಂದ ಬರಲೇ ಇಲ್ಲ.

ಅವನು ಮತ್ತೆ ಎದುರು ಸಿಕ್ಕಿದ್ದು ಹೊಸ ಶತಮಾನ ಬಂದು ಹತ್ತು ವರ್ಷವಾಗುತ್ತ ಬಂದಾಗ. ಪ್ರೆಸ್ಸಿನ ಕೆಲಸಕ್ಕೆಂದು ಯಲ್ಲಾಪುರಕ್ಕೆ ಹೋಗಿದ್ದೆ. ವಾಪಸು ಬಸ್ಸಿಗೆ ಹೊತ್ತಿತ್ತು, ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಹೊರಗೆ ಲಾರಿಗಳ ಸಾಲು. ಬೆನ್ನ ಮೇಲೆ ಒಂದು ಗುದ್ದು ಬಿತ್ತು. "ಭಾಗವತ್ರೇ!" ಮೈ ಬಂದಿತ್ತು, ಕನ್ನಡಕ ಬಂದಿತ್ತು, ನಗೆ ಅದೇ. ಜೊತೆಗೆ ಒಬ್ಬಳು ಹುಡುಗಿ, ಅವನದೇ ಎತ್ತರದ ಕುರುಹು. "ನನ್ನ ಮಗಳು, ಸಮೀನಾ. ಬೇಟಾ, ನಾ ಹೇಳ್ತಿದ್ನಲ್ಲ, ಕವಡೆ ಆಟದ ಸುಬ್ಬು — ಇವನೇ ನೋಡು."

ಅವನು ಮಗಳಿಗೆ ನನ್ನ ಬಗ್ಗೆ ಹೇಳಿದ್ದ. ಪ್ರೀತಿಯಿಂದಲೇ ಹೇಳಿದ್ದ, ಅವಳ ಕಣ್ಣಲ್ಲಿ ಅದು ಕಾಣುತ್ತಿತ್ತು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಚಹಾ ಬಂತು. ಅವನು ನಗುತ್ತ ಮಗಳ ಬಗ್ಗೆ ದೂರು ಹೇಳತೊಡಗಿದ. ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿಯೊಂದು ಬಂದಿದೆಯಂತೆ, ಶಾಲೆ ಬಿಟ್ಟೊಡನೆ ಅಣ್ಣತಮ್ಮಂದಿರ ಜೊತೆ ಅಲ್ಲಿಗೆ ಓಟವಂತೆ. ಅಲ್ಲೂ ಇಂಥದೇ ಆಟ — ಮಂತ್ರವಾದಿ ಬೇಕೋ, ಕತ್ತಿಯವನು ಬೇಕೋ ಎಂದು ಮೊದಲು ಕೇಳುತ್ತದಂತೆ. "ಇವಳು ಪ್ರತಿ ಸಲ ಕತ್ತಿನೇ ತಗೋತಾಳೆ, ಸೋತು ಬರ್ತಾಳೆ. ನಾ ಹೇಳ್ದೆ, ಮಂತ್ರ ತಗೋಳೇ, ಕತ್ತಿ ತಗೋಬೇಡ. ನಿಮ್ಮಪ್ಪ ಒಂದ್ಕಾಲಕ್ಕೆ ಭಾಳ ಶಾಣ್ಯಾ ಅಂತ ಕತ್ತಿಗೆ ಹೊಸ ಲೆಕ್ಕ ಮಾಡಾಕ್ಕೆ ಹೋಗಿದ್ದ. ಒಂದೇ ಆಟದಾಗೆ ನೆಗೆದು ಬಿತ್ತು."

"ನಂಗೆ ಕತ್ತಿನೇ ಬೇಕು" ಎಂದಳು ಹುಡುಗಿ.

ಇಲಿಯಾಸ್ ಅವಳ ತಲೆ ಸವರಿ, ನನ್ನ ಕಡೆ ತಿರುಗಿ, ನಗು ಸ್ವಲ್ಪ ಕಡಿಮೆ ಮಾಡಿ ಹೇಳಿದ: "ಖರೇ ಹೇಳ್ತೀನಿ ಸುಬ್ಬು, ಅವತ್ತಿಂದ ನಾ ಹೊಸದು ಅಂತ ಏನೂ ಮಾಡಾಕ್ಕೆ ಹೋಗಿಲ್ಲ. ಧಂಧೆಯಾಗೂ ಅಷ್ಟೇ. ಏನಾರ ಹೊಳೀತದೆ — ಅಣ್ಣಂಗೆ ಕೇಳ್ತೀನಿ, ಅವ ಬ್ಯಾಡ ಅಂದ್ರೆ ಬ್ಯಾಡ. ನನ್ನ ತಲೆ ನನಗೇ ಮೋಸ ಮಾಡ್ತದೆ ಅಂತ ಗೊತ್ತಾಯ್ತಲ್ಲ."

ನನ್ನ ಎದುರು ಮೊರವಿರಲಿಲ್ಲ. ಒಂದು ಮೇಜು, ಎರಡು ಲೋಟ, ಒಬ್ಬ ತಂದೆ, ಒಬ್ಬಳು ಮಗಳು. ಆರು ಬಿದ್ದಿತ್ತು ಎಂದರೆ ಮುಗಿಯುತ್ತಿತ್ತು. ಎರಡೇ ಶಬ್ದ. ಪದ ಮುಗಿದಿದೆ, ನನ್ನ ಮಾತು ಬರಬೇಕು — ಬರಲಿಲ್ಲ. ಇಬ್ಬರ ಮುಖಗಳೂ ನನ್ನನ್ನು ನೋಡುತ್ತಿದ್ದವು. ಶಿರಸಿ ಬಸ್ಸು ಬಂತೆಂದು ಯಾರೋ ಕೂಗಿದರು. ನಾನು ಎದ್ದೆ. ಚಹಾದ ಹಣ ಕೊಡಲು ಹೋದರೆ ಅವನು ಕೈ ಹಿಡಿದು ನಿಲ್ಲಿಸಿ ಬೈದ.

ಮೊದಲ ಸುಳ್ಳಿಗೆ ನನ್ನ ಹರೆಯವನ್ನು, ಹೊಟ್ಟೆಕಿಚ್ಚನ್ನು, ಊರೆದುರು ತಪ್ಪಿಹೋದ ಮಾತಿನ ನಾಚಿಕೆಯನ್ನು ಯಾರಾದರೂ ಕರುಣೆಯಿಂದ ಕಾರಣ ಮಾಡಬಹುದು. ಎರಡನೆಯದಕ್ಕೆ ಏನೂ ಇಲ್ಲ. ತಲೆಗೂದಲು ನರೆಯತೊಡಗಿದ ಗಂಡಸು, ಎದುರಿಗೆ ಗೆಳೆಯ ತನ್ನ ನಷ್ಟವನ್ನು ನಗುನಗುತ್ತ ಬಿಚ್ಚಿಟ್ಟಾಗ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಕಂಡಕ್ಟರ್ ಎರಡು ಸಲ ಕರೆದ ಮೇಲೆ ಶಿರಸಿ ಬಂದದ್ದು ತಿಳಿಯಿತು.

ಆ ದಿನದಿಂದ ನಾನು ಒಂಟಿ ಆಟವನ್ನೂ ಆಡಿಲ್ಲ. ಅವನ ದನಿಯನ್ನು ಬಾಯಿಗೆ ತರಲು ಆಗುತ್ತಿಲ್ಲ. ಭಾನುವಾರ ರೂಮು ನಿಶ್ಶಬ್ದವಾಗಿರುತ್ತದೆ; ಪಕ್ಕದ ಮನೆಯ ಅಮ್ಮನೂ ಈಗ ಏನೂ ಕೇಳುವುದಿಲ್ಲ.

ಈ ಭಾನುವಾರ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋಗುತ್ತೇನೆ. ಇದನ್ನು ಬರೆದು ಕಳಿಸಿ ಕೈ ತೊಳೆದುಕೊಳ್ಳುವ ಯೋಚನೆ ಬಂದಿತ್ತು, ಸುಳ್ಳೇಕೆ ಹೇಳಲಿ. ಬರೆದದ್ದು ನನಗೆ ಧೈರ್ಯ ಬರಲೆಂದು. ಹೇಳುವುದು ಬಾಯಿಂದಲೇ ಆಗಬೇಕು. ಅವನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳುವುದೂ ಸಲ್ಲ, ಅದು ಕೂಡ ಮೊರದ ಹಿಂದಿನ ಮಾತೇ ಆಗುತ್ತದೆ. ಮಗಳ ಎದುರಿಗೇ ಹೇಳಬೇಕು. ಕತ್ತಿ ಹಿಡಿದವನು ಸೋಲಲೇಬೇಕೆಂದು ತಂದೆಯಿಂದ ಕಲಿತವಳ ಎದುರಿಗೆ, ಅದನ್ನು ಅವಳ ತಂದೆಗೆ ಕಲಿಸಿದ ಸುಳ್ಳುಗಾರ ನಾನು ಎಂದು ಹೇಳಬೇಕು. ಅವನು ಹೊಡೆಯಬಹುದು, ಎದ್ದು ಹೋಗಬಹುದು. ನನಗೆ ಹೆಚ್ಚು ಹೆದರಿಕೆ ಇರುವುದು ಅವನು ನಕ್ಕು, "ಬಿಡೋ, ಆಟ ಅಲ್ವಾ" ಎಂದುಬಿಟ್ಟರೆ ಎಂದು. ಆಗ "ಅಲ್ಲ" ಎನ್ನಬೇಕು. ಅಷ್ಟು ಮಾತು ನನಗೆ ಬರಲಿ.

ಆರು ಬಿದ್ದಿತ್ತು, ಇಲಿಯಾಸ್. ನಿನ್ನ ಭೈರ ಬಾಗಿಲು ಬಿಟ್ಟಿರಲಿಲ್ಲ.